ಮನೆತನದ ಇತಿಹಾಸ ಹುಡುಕೋದನ್ನ ಗುಂಪಲ್ಲಿ, ಕ್ಲಾಸಲ್ಲಿ ಕಲಿಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಂಶಾವಳಿ ಗುಂಪಿಗೆ ಹೋಗೋಕೆ ಶುರು ಮಾಡಿ ತುಂಬಾ ವರ್ಷ ಆಯ್ತು. ಈಗ ಬಾಗಿಲ ಹತ್ರ ಕೂತು ಹೊಸಬರ ಹೆಸರು ಬರ್ಕೊಳ್ಳೋ ಕೆಲಸ ನನ್ನದು, ಹಾಗಾಗಿ ಒಂದೇ ಥರದ ಪ್ರಶ್ನೆಗಳು ಪ್ರತೀ ಸಲ ಕಿವಿಗೆ ಬೀಳ್ತಿರ್ತವೆ. ಹೆಚ್ಚುಕಮ್ಮಿ ಎಲ್ಲವನ್ನೂ ಒಂದು ಕಾಲದಲ್ಲಿ ನಾನೂ ಕೇಳಿದ್ದೆ. ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೀನಿ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

ಎಲ್ಲಾ ಆನ್‌ಲೈನ್‌ನಲ್ಲೇ ಸಿಗುತ್ತಲ್ಲ, ಗುಂಪಿಗೆ ಯಾಕೆ ಹೋಗ್ಬೇಕು?

ಸಿಗುತ್ತೆ, ಸುಳ್ಳಲ್ಲ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್ ಪೂರ್ತಿ ಫ್ರೀ, ಅದನ್ನ ನಡೆಸೋದು ಅಮೆರಿಕದ ಯೂಟಾದಲ್ಲಿರೋ ಮಾರ್ಮನ್ ಚರ್ಚ್. ಅವರು 1938ರಿಂದ ದೇಶ ದೇಶ ತಿರುಗಿ ದಾಖಲೆಗಳನ್ನ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದ್ರು, ಸುಮಾರು 24 ಲಕ್ಷ ರೋಲ್ ಆಗಿತ್ತು, 2021ರಲ್ಲಿ ಅಷ್ಟನ್ನೂ ಡಿಜಿಟೈಸ್ ಮಾಡಿ ಮುಗಿಸಿದ್ರು. ಮನೇಲಿ ಕೂತು ಅಷ್ಟು ನೋಡೋಕೆ ಸಿಗೋದು ದೊಡ್ಡ ಪುಣ್ಯ ಅಂತಾನೇ ನಾನು ಅನ್ಕೊಂಡಿದ್ದೀನಿ.

ಆದ್ರೆ ದಾಖಲೆ ಸಿಗೋದು ಬೇರೆ, ಸಿಕ್ಕಿದ್ದು ನಮ್ಮ ಮನೆಯವರದ್ದೇನಾ ಅಂತ ಗೊತ್ತು ಮಾಡ್ಕೊಳ್ಳೋದು ಬೇರೆ. ಶುರುವಲ್ಲಿ ನಾನು ಯಾರೋ ಹಾಕಿದ್ದ ಆನ್‌ಲೈನ್ ವಂಶವೃಕ್ಷದಲ್ಲಿ ನಮ್ಮ ಮುತ್ತಜ್ಜನ ಹೆಸರು ನೋಡಿದೆ, ಹೆಸರು ಅದೇ, ಊರು ಅದೇ, ವಯಸ್ಸೂ ಹತ್ತಿರ ಹತ್ತಿರ ಸರಿಹೋಗುತ್ತೆ, ಖುಷಿಯಾಗಿ ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರನ್ನೂ ನಮ್ಮ ಮರಕ್ಕೆ ಸೇರಿಸ್ಕೊಂಡು ಎಂಟು ತಿಂಗಳು ಆ ಕೊಂಬೇಲೇ ಕೆಲಸ ಮಾಡಿದೆ. ಗುಂಪಲ್ಲಿ ಅದನ್ನ ತೋರಿಸಿದಾಗ ಒಬ್ಬ ಹಿರಿಯರು ಒಂದು ತಾರೀಕಿನ ಮೇಲೆ ಬೆರಳಿಟ್ಟು, ಈ ಮಗು ಹುಟ್ಟಿದಾಗ ತಾಯಿಗೆ ಎಷ್ಟು ವಯಸ್ಸು ಅಂದ್ರು. ಲೆಕ್ಕ ಹಾಕಿದ್ರೆ ಒಂಬತ್ತು. ಅವರು ಬೈಲಿಲ್ಲ, ನಗಲಿಲ್ಲ, ಮೆಲ್ಲಗೆ ಇನ್ನೊಂದು ಮಾತು ಕೇಳಿದ್ರು: "ಇದು ನಿಮಗೆ ಹೇಗೆ ಗೊತ್ತಾಯ್ತು?" ನನ್ನ ಹತ್ರ ಉತ್ತರ ಇರಲಿಲ್ಲ. ಒಂದೇ ಹೆಸರಿನ ಇಬ್ಬರು ಗಂಡಸರು ಒಂದೇ ಊರಲ್ಲಿ ಇದ್ರು, ನಾನು ಇನ್ನೊಬ್ಬರ ಮನೆಯ ಪೂರ್ವಜರನ್ನ ನಮ್ಮವರು ಅನ್ಕೊಂಡಿದ್ದೆ.

ವೆಬ್‌ಸೈಟ್ ಯಾವತ್ತೂ ಆ ಪ್ರಶ್ನೆ ಕೇಳಲ್ಲ. ನಾವು ಒತ್ತಿದ್ದಕ್ಕೆಲ್ಲ ಹೂಂ ಅನ್ನುತ್ತೆ, ಮೇಲಿಂದ ಇನ್ನೂ ಹತ್ತು ಸುಳಿವು ಕೊಡುತ್ತೆ. ಕೇಳೋಕೆ ಮನುಷ್ಯರು ಬೇಕು, ಅದೂ ನಮ್ಮ ಮನೆಯವರಲ್ಲದ ಮನುಷ್ಯರು, ಯಾಕಂದ್ರೆ ಮನೆಯವರಿಗೂ ನಮ್ಮಷ್ಟೇ ಆಸೆ ಇರುತ್ತಲ್ವಾ.

ನನಗೆ ಅಜ್ಜಿ ತಾತನ ಹೆಸರು ಬಿಟ್ರೆ ಏನೂ ಗೊತ್ತಿಲ್ಲ, ಹಾಗೇ ಹೋಗಬಹುದಾ?

ಹೋಗಿ. ತುಂಬಾ ಗೊತ್ತು ಅನ್ಕೊಂಡು ಬರೋರಿಗಿಂತ ನಿಮಗೆ ಕಲಿಸೋದು ಸುಲಭ.

ಮೊದಲ ದಿನ ಏನು ತಗೊಂಡು ಹೋಗ್ಲಿ?

ಒಂದು ನೋಟ್‌ಬುಕ್, ಪೆನ್ಸಿಲ್, ನಿಮ್ಮಿಂದ ಶುರುವಾಗಿ ಮೇಲಕ್ಕೆ ಹೋಗೋ ಒಂದು ಚಾರ್ಟ್. ಚಾರ್ಟ್ ಕೈಯಲ್ಲಿ ಬರೆದಿದ್ರೂ ಸಾಕು, ನೀವು, ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಖಾಲಿ ಜಾಗ ನೋಡಿ ನಾಚ್ಕೋಬೇಡಿ, ಗುಂಪಿನವರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಒರಿಜಿನಲ್ ಕಾಗದಪತ್ರ, ಒಂದೇ ಒಂದು ಪ್ರತಿ ಇರೋ ಫೋಟೊ ಇವೆಲ್ಲ ಮನೇಲೇ ಇರಲಿ. ಫೋನಲ್ಲಿ ಫೋಟೊ ತೆಗೆದು ತಗೊಂಡು ಹೋಗಿ. ಕೈಯಿಂದ ಕೈಗೆ ಹೋಗೋ ಗಡಿಬಿಡೀಲಿ ಕಾಗದ ಹರಿದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ಆ ಮನೆಯವರ ಮುಖ ಈಗಲೂ ನೆನಪಿದೆ.

ಇನ್ನೊಂದು, ಪ್ರಶ್ನೆ ಒಂದೇ ತಗೊಂಡು ಹೋಗಿ. "ನನ್ನ ವಂಶದ ಇತಿಹಾಸ ಬೇಕು" ಅಂದ್ರೆ ಯಾರೂ ಸಹಾಯ ಮಾಡೋಕಾಗಲ್ಲ. "ಅಮ್ಮನ ಅಜ್ಜಿ ಮದುವೆಗೆ ಮುಂಚೆ ಯಾವ ಊರಲ್ಲಿದ್ರು" ಅಂದ್ರೆ ಆಗ್ಲೇ ಮೂರು ಜನ ಕುರ್ಚಿ ಎಳ್ಕೊಂಡು ಹತ್ರ ಬರ್ತಾರೆ.

ಇಂಥ ಗುಂಪು, ಕ್ಲಾಸು ಎಲ್ಲಿರುತ್ತೆ, ಹೇಗೆ ಹುಡುಕೋದು?

ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ, ಜಿಲ್ಲೆಯ ಅಥವಾ ರಾಜ್ಯದ ಆರ್ಕೈವ್ಸ್‌ನಲ್ಲಿ (ಹಳೇ ದಾಖಲೆಗಳನ್ನ ಇಡೋ ಕಚೇರಿ) ಕೇಳಿ, ಸ್ಥಳೀಯ ಇತಿಹಾಸ ಸಂಘ ಇದ್ರೆ ಅಲ್ಲಿ ಕೇಳಿ. ದೊಡ್ಡೋರಿಗೆ ಸಂಜೆ ಕ್ಲಾಸ್ ನಡೆಸೋ ಕಾಲೇಜುಗಳಲ್ಲೂ ಇರುತ್ತೆ. ಫ್ಯಾಮಿಲಿಸರ್ಚ್‌ನವರ ಸೆಂಟರ್‌ಗಳು ತುಂಬಾ ದೇಶಗಳಲ್ಲಿವೆ, ಆ ಧರ್ಮದವರಲ್ಲದಿದ್ರೂ ಹೋಗಬಹುದು, ಅಲ್ಲಿರೋರು ಸ್ವಯಂಸೇವಕರು. ಮನೇಲಿ ತೆರೆಯದ ಕೆಲವು ದಾಖಲೆಗಳು ಆ ಸೆಂಟರಿನ ಕಂಪ್ಯೂಟರಲ್ಲಿ ಮಾತ್ರ ತೆರೆಯುತ್ತವೆ, ಇದು ಗೊತ್ತಿಲ್ಲದೆ ತುಂಬಾ ಜನ ಬೀಗದ ಗುರುತು ನೋಡಿ ವಾಪಸ್ ಹೋಗಿಬಿಡ್ತಾರೆ.

ಸಂಘ ಅನ್ನೋದು ಹೊಸ ವಿಷಯ ಏನಲ್ಲ. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ 1845ರದ್ದು, ಲಂಡನ್ನಿನ ಸೊಸೈಟಿ ಆಫ್ ಜೀನಿಯಲಾಜಿಸ್ಟ್ಸ್ 1911ರದ್ದು. ಇಂಥ ದೊಡ್ಡ ಸಂಘಗಳು ಈಗ ಆನ್‌ಲೈನ್ ಕ್ಲಾಸ್ ಕೂಡ ನಡೆಸ್ತವೆ. ಆದ್ರೆ ಹತ್ತು ಹದಿನೈದು ಜನ ಸೇರೋ ಸಣ್ಣ ಗುಂಪಿನ ಸುಖವೇ ಬೇರೆ, ಹೋದ ತಿಂಗಳು ನೀವು ಎಲ್ಲಿ ಸಿಕ್ಕಿಹಾಕ್ಕೊಂಡಿದ್ರಿ ಅನ್ನೋದು ಅಲ್ಲಿ ಎಲ್ಲರಿಗೂ ನೆನಪಿರುತ್ತೆ.

ನಮ್ಮ ಪೂರ್ವಜರು ಬೇರೆ ಕಡೆಯವರು, ಇಲ್ಲಿನ ಗುಂಪಿಂದ ನನಗೇನು ಉಪಯೋಗ?

ಎರಡು ಗುಂಪಿಗೆ ಸೇರಿ ಅಂತ ನಾನು ಹೇಳೋದು. ನೀವಿರೋ ಊರಿನ ಗುಂಪು ಕಲಿಯೋಕೆ, ಪೂರ್ವಜರಿದ್ದ ಊರಿನ ಗುಂಪು ಹುಡುಕೋಕೆ. ಆ ಊರಿನ ಗುಂಪಿನವರಿಗೆ ಯಾವ ಹಳ್ಳಿ ಯಾವ ವರ್ಷ ಯಾವ ಆಡಳಿತಕ್ಕೆ ಸೇರ್ತು, ಯಾವ ರಿಜಿಸ್ಟರ್ ನೀರಿಗೆ ಬಿತ್ತು, ಒಂದೇ ಹೆಸರಿನ ಎರಡು ಹಳ್ಳಿಗಳಲ್ಲಿ ಜನ ಯಾವುದನ್ನ ಏನಂತ ಕರೀತಿದ್ರು ಅನ್ನೋದೆಲ್ಲ ಬಾಯಲ್ಲೇ ಇರುತ್ತೆ. ಮೇಲ್ ಬರೆದ್ರೆ ಸಾಮಾನ್ಯವಾಗಿ ಉತ್ತರ ಕೊಡ್ತಾರೆ.

ದಾಖಲೆಯ ಸ್ವರೂಪ ಕೂಡ ಕಡೆಯಿಂದ ಕಡೆಗೆ ಬೇರೆ, ಅದಕ್ಕೇ ಆ ಕಡೆಯವರ ಸಹವಾಸ ಬೇಕು. ಚೀನಾದಲ್ಲಿ ಮನೆತನದ ವಂಶಾವಳಿ ಪುಸ್ತಕಗಳಿವೆ, ಕನ್ಫ್ಯೂಷಿಯಸ್ ವಂಶದ್ದನ್ನ 2009ರಲ್ಲಿ ಪರಿಷ್ಕರಿಸಿದಾಗ ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರು. ಜಪಾನಲ್ಲಿ 1872ರಿಂದ ಕೋಸೆಕಿ ಅನ್ನೋ ಕುಟುಂಬ ರಿಜಿಸ್ಟರ್, ಅದರ ಪ್ರತಿ ಸಿಕ್ಕಸಿಕ್ಕವರಿಗೆ ಕೊಡಲ್ಲ. ಸ್ವೀಡನ್ನಿನ ಚರ್ಚ್ ಪುಸ್ತಕಗಳಲ್ಲಿ ಒಂದು ಮನೆಯವರನ್ನ ವರ್ಷ ವರ್ಷ ಹಿಂಬಾಲಿಸಬಹುದು. ಹರಿದ್ವಾರದ ಪಂಡಾಗಳ, ಅಂದ್ರೆ ತೀರ್ಥ ಪುರೋಹಿತರ, ವಹಿ ಪುಸ್ತಕಗಳಲ್ಲಿ ಯಾತ್ರೆಗೆ ಬಂದವರೇ ತಮ್ಮ ಮನೆಯವರ ಹೆಸರು ಬರೆಸಿಹೋಗಿರ್ತಾರೆ. ಪಶ್ಚಿಮ ಆಫ್ರಿಕಾದ ಗ್ರಿಯೋ ಅನ್ನೋ ಕಥೆಗಾರರ ಹತ್ರ ಪುಸ್ತಕವೇ ಇಲ್ಲ, ತಲೆಮಾರುಗಳ ಹೆಸರೆಲ್ಲ ನಾಲಿಗೆ ಮೇಲೆ. ಒಂದು ಕಡೆಯ ವಿಧಾನ ಕಲಿತು ಇನ್ನೊಂದು ಕಡೆ ಹಾಗೇ ಹುಡುಕಿದ್ರೆ ಸಿಗಲ್ಲ.

ಕ್ಲಾಸಲ್ಲಿ ನಿಜವಾಗಿ ಏನು ಹೇಳಿಕೊಡ್ತಾರೆ?

ಮೊದಲ ಕ್ಲಾಸಲ್ಲೇ ನಂಬರ್ ಹಾಕೋದು ಹೇಳ್ತಾರೆ. ನೀವು 1, ಅಪ್ಪ 2, ಅಮ್ಮ 3, ಆಮೇಲೆ ಯಾರ ನಂಬರನ್ನಾದ್ರೂ ಎರಡರಿಂದ ಗುಣಿಸಿದ್ರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದ್ರೆ ಅವರ ಅಮ್ಮ. ಹಾಗಾದ್ರೆ 13 ಯಾರು? ನಿಮ್ಮ ಅಮ್ಮನ ಅಪ್ಪನ ಅಮ್ಮ. ಇದನ್ನ ಆನೆನ್‌ಟಾಫೆಲ್ ಅಂತಾರೆ, 1590ರಲ್ಲಿ ಮಿಖಾಯೆಲ್ ಐಟ್ಸಿಂಗರ್ ಅನ್ನೋರ ಪುಸ್ತಕದಲ್ಲೇ ಈ ಲೆಕ್ಕ ಇದೆ. ನಾನೂರು ವರ್ಷ ಆದ್ರೂ ಇದಕ್ಕಿಂತ ಸರಳವಾದ್ದು ಬಂದಿಲ್ಲ, ಫೈಲುಗಳಿಗೂ ಇದೇ ನಂಬರ್ ಹಾಕಿಟ್ರೆ ಹುಡುಕೋದು ಸಲೀಸು.

ಆಮೇಲೆ ಬರೋದು ದಾಖಲೆ ಓದೋದು, ಕ್ಲಾಸಿಗೆ ಕೊಟ್ಟ ಫೀಸಿಗೆ ನಿಜವಾದ ಬೆಲೆ ಸಿಗೋದು ಇಲ್ಲಿ. ಇಂಗ್ಲೆಂಡಿನ 1841ರ ಜನಗಣತಿ ತಗೊಳ್ಳಿ. ಹದಿನೈದು ದಾಟಿದವರ ವಯಸ್ಸನ್ನ ಐದರ ಲೆಕ್ಕಕ್ಕೆ ಕೆಳಗಿಳಿಸಿ ಬರೀಬೇಕು ಅಂತ ಗಣತಿದಾರರಿಗೆ ಸೂಚನೆ ಇತ್ತು, ಅಂದ್ರೆ 38 ವರ್ಷದವರು 35 ಅಂತ ಬರೆದಿರ್ತಾರೆ. ಇದು ಗೊತ್ತಿಲ್ಲದೇ ಹುಟ್ಟಿದ ವರ್ಷ ಲೆಕ್ಕ ಹಾಕಿ, ಆ ವರ್ಷದ ರಿಜಿಸ್ಟರಲ್ಲಿ ಇಲ್ಲ ಅಂತ ಕೈಬಿಟ್ಟವರು ಎಷ್ಟೋ ಜನ. ಇನ್ನೊಂದು ತಾರೀಕಿನ ವಿಷಯ. ಬ್ರಿಟನ್ ಮತ್ತೆ ಅದರ ವಸಾಹತುಗಳಲ್ಲಿ 1752ರವರೆಗೆ ಹಳೇ ಕ್ಯಾಲೆಂಡರ್, ಇಂಗ್ಲೆಂಡಿನಲ್ಲಿ ಅಲ್ಲಿವರೆಗೆ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಆವಾಗಿನ ಲೆಕ್ಕಕ್ಕೆ 1731ರ ಫೆಬ್ರವರಿ 11, ಈಗಿನ ಲೆಕ್ಕಕ್ಕೆ 1732ರ ಫೆಬ್ರವರಿ 22. ಎರಡೂ ಸರಿ. ಇದನ್ನ ಕೇಳಿದ ದಿನ ನನ್ನ ಹತ್ರ ಇದ್ದ ತಾರೀಕುಗಳನ್ನೆಲ್ಲ ಮತ್ತೆ ಕೂತು ನೋಡಬೇಕು ಅನ್ನಿಸ್ತು.

ಯಾವ ದಾಖಲೆ ಯಾವಾಗಿಂದ ಇದೆ ಅನ್ನೋದೂ ಕಲಿಸ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ 1837ರ ಜುಲೈ 1ರಿಂದ, ಸ್ಕಾಟ್ಲೆಂಡಿನಲ್ಲಿ 1855ರಿಂದ, ಫ್ರಾನ್ಸಲ್ಲಿ 1792ರಿಂದ. ಅದಕ್ಕಿಂತ ಹಿಂದೆ ಹೋಗ್ಬೇಕಂದ್ರೆ ಚರ್ಚಿನ ರಿಜಿಸ್ಟರ್ ಹಿಡೀಬೇಕು, ಇಂಗ್ಲೆಂಡಿನಲ್ಲಿ ಅವನ್ನ ಇಡಬೇಕು ಅಂತ ಆಜ್ಞೆ ಆಗಿದ್ದು 1538ರಲ್ಲಿ. ಜನಗಣತಿಯ ಹೆಸರುಗಳನ್ನ ಅಮೆರಿಕ 72 ವರ್ಷ ಆದ್ಮೇಲೆ ಬಿಡುಗಡೆ ಮಾಡುತ್ತೆ, 1950ರದ್ದು 2022ರ ಏಪ್ರಿಲ್ 1ಕ್ಕೆ ಬಂತು. ಬ್ರಿಟನ್ನಿನಲ್ಲಿ 100 ವರ್ಷ ಕಾಯ್ಬೇಕು.

ಕೊನೇಗೆ ರುಜುವಾತು. ಅಮೆರಿಕದ ಬೋರ್ಡ್ ಫಾರ್ ಸರ್ಟಿಫಿಕೇಶನ್ ಆಫ್ ಜೀನಿಯಲಾಜಿಸ್ಟ್ಸ್ ಅನ್ನೋ ಸಂಸ್ಥೆ 1964ರಲ್ಲಿ ಶುರುವಾಯ್ತು, ಅವರ ಅಳತೆಗೋಲನ್ನೇ ಈಗ ತುಂಬಾ ಕಡೆ ಕಲಿಸ್ತಾರೆ. ಸಿಗಬಹುದಾದ ಕಡೆಯೆಲ್ಲ ಹುಡುಕಿರಬೇಕು, ಪ್ರತಿ ಮಾತಿಗೂ ಎಲ್ಲಿಂದ ಬಂತು ಅಂತ ಬರೆದಿರಬೇಕು, ಸಿಕ್ಕಿದ್ದನ್ನ ಒಂದಕ್ಕೊಂದು ಹೊಂದಿಸಿ ನೋಡಬೇಕು, ಒಂದಕ್ಕೊಂದು ಹೊಂದದೇ ಇರೋದನ್ನ ಮುಚ್ಚಿಡದೇ ಬಿಡಿಸ್ಬೇಕು, ಆಮೇಲೆ ಇನ್ನೊಬ್ಬರು ಓದಿ ಒಪ್ಪೋ ಹಾಗೆ ಬರೀಬೇಕು. ಕೇಳೋಕೆ ಭಾರ ಅನ್ಸುತ್ತೆ. ಆದ್ರೆ ಆ ಹಿರಿಯರು ಅವತ್ತು ನನಗೆ ಕೇಳಿದ ಒಂದು ಪ್ರಶ್ನೇಲಿ ಇದೆಲ್ಲ ಇತ್ತು.

ಫೀಸ್ ಇರುತ್ತಾ?

ಕೆಲವು ಕಡೆ ಇರುತ್ತೆ, ಕೆಲವು ಕಡೆ ಇಲ್ಲ. ಲೈಬ್ರರಿಯ ಕ್ಲಾಸ್‌ಗಳು ಹೆಚ್ಚಾಗಿ ಫ್ರೀ. ಸಂಘಕ್ಕೆ ಮೆಂಬರ್ ಆಗೋ ಮುಂಚೆ ಒಂದೆರಡು ಸಲ ಸುಮ್ನೆ ಹೋಗಿ ಕೂತ್ಕೊಂಡು ಬನ್ನಿ. ಪೇಯ್ಡ್ ವೆಬ್‌ಸೈಟ್‌ಗೆ ದುಡ್ಡು ಕಟ್ಟೋ ಮುಂಚೆ ಲೈಬ್ರರಿಯಲ್ಲಿ ಅದು ಫ್ರೀ ಇದೆಯಾ ಅಂತ ಕೇಳಿ, ಬಹಳ ಲೈಬ್ರರಿಗಳಲ್ಲಿ ಇರುತ್ತೆ.

ಮನೆಯ ಹಿರಿಯರ ಹತ್ರ ಹೇಗೆ ಕೇಳೋದು? ಕೇಳಿದ್ರೆ "ಅದೆಲ್ಲ ಈಗ್ಯಾಕೆ" ಅಂತಾರೆ.

ಈ ಒಂದು ಕೆಲಸಕ್ಕೆ ಮಾತ್ರ ಕ್ಲಾಸಿಗೆ ಸೇರೋವರೆಗೂ ಕಾಯ್ಬೇಡಿ. ದಾಖಲೆಗಳು ಇನ್ನೂ ಐವತ್ತು ವರ್ಷ ಅಲ್ಲೇ ಇರ್ತವೆ, ಮನುಷ್ಯರು ಇರಲ್ಲ. ನಮ್ಮ ದೊಡ್ಡತ್ತೆ ಹತ್ರ ಮುಂದಿನ ರಜದಲ್ಲಿ ಕೂತು ಎಲ್ಲ ಬರ್ಕೋಬೇಕು ಅಂತ ಎರಡು ವರ್ಷ ಮುಂದೂಡಿದೆ, ಅವರು ಹೋದ್ಮೇಲೆ ಅವರ ಟ್ರಂಕಲ್ಲಿ ಹನ್ನೊಂದು ಫೋಟೊ ಸಿಕ್ತು, ಅದರಲ್ಲಿರೋ ಮುಖಗಳಲ್ಲಿ ಹೆಸರು ಹೇಳಬಲ್ಲವರು ಈಗ ಯಾರೂ ಇಲ್ಲ. ಇದನ್ನ ಬರೆಯುವಾಗಲೂ ಹೊಟ್ಟೆ ಹಿಂಡುತ್ತೆ.

ಕೇಳೋ ಕ್ರಮ ಅಂದ್ರೆ, ತಾರೀಕು ಕೇಳಬೇಡಿ. "ಯಾವ ವರ್ಷ" ಅಂದ ತಕ್ಷಣ ಪರೀಕ್ಷೆ ಥರ ಆಗಿ ಬಾಯಿ ಮುಚ್ಕೊಂಡುಬಿಡ್ತಾರೆ. "ಅದು ಅಕ್ಕನ ಮದುವೆಗೆ ಮುಂಚೇನಾ ಆಮೇಲಾ", "ಆವಾಗ ಯಾವ ಮನೇಲಿದ್ರಿ", "ಆ ಮನೆ ಬಾಗಿಲು ದಾಟಿದ್ರೆ ಮೊದಲು ಏನು ಕಾಣ್ತಿತ್ತು" ಹೀಗೆ ಕೇಳಿ. ಮನೆಯ ನಕ್ಷೆ ಬರೆಸಿದ್ರೆ ಇನ್ನೂ ಒಳ್ಳೇದು, ಯಾರು ಯಾವ ಕೋಣೇಲಿ ಮಲಗ್ತಿದ್ರು ಅಂತ ಹೇಳ್ತಾ ಹೇಳ್ತಾ ನಾವು ಕೇಳೇ ಇರದ ಒಬ್ಬ ಚಿಕ್ಕಪ್ಪ, ಚಿಕ್ಕಂದಿನಲ್ಲೇ ತೀರಿಹೋದ ಒಂದು ಮಗು, ಎಲ್ಲ ಹೊರಗೆ ಬರ್ತಾರೆ. ಒಂದು ಹಳೇ ಫೋಟೊ ಕೈಗೆ ಕೊಟ್ಟು ಸುಮ್ನಿರಿ. ಅವರು ಸುಮ್ಮನಾದ್ರೆ ನೀವು ಅವಸರದಲ್ಲಿ ಮಾತು ತುಂಬಿಸಬೇಡಿ, ಆ ಮೌನ ಆದ್ಮೇಲೆ ಬರೋ ಮಾತೇ ಸಾಮಾನ್ಯವಾಗಿ ನಮಗೆ ಬೇಕಾಗಿರೋದು.

ಕೇಳಿ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿ, ಕದ್ದು ಮಾಡಬೇಡಿ. ಶುರುವಲ್ಲೇ ಇವತ್ತಿನ ತಾರೀಕು, ಯಾರು ಮಾತಾಡ್ತಿರೋದು ಅಂತ ನಿಮ್ಮ ದನಿಯಲ್ಲಿ ಹೇಳಿ. ಒಂದು ಸಲಕ್ಕೆ ಒಂದು ಗಂಟೆ ಸಾಕು, ವಯಸ್ಸಾದವರಿಗೆ ಆಯಾಸ ಆಗುತ್ತೆ.

ಮನೇಲಿ ಹೇಳೋದು ಒಂದು, ದಾಖಲೆಯಲ್ಲಿರೋದು ಇನ್ನೊಂದು. ಯಾವುದನ್ನ ನಂಬೋದು?

ಎರಡನ್ನೂ ಬರೆದಿಡಿ, ಎರಡಕ್ಕೂ ಎಲ್ಲಿಂದ ಬಂತು ಅಂತ ಬರೀರಿ. ಮಾತು ಅಂದ್ರೆ ಸುಳ್ಳು, ಕಾಗದ ಅಂದ್ರೆ ನಿಜ ಅಂತ ಏನಿಲ್ಲ. ಮರಣ ದಾಖಲೇಲಿ ಸತ್ತ ತಾರೀಕು ಗಟ್ಟಿ, ಆದ್ರೆ ಅದರಲ್ಲೇ ಇರೋ ಹುಟ್ಟಿದ ತಾರೀಕನ್ನ ಹೇಳಿದ್ದು ಯಾರು? ಮಗನೋ ಅಳಿಯನೋ, ಅವರು ಆ ಹುಟ್ಟನ್ನ ನೋಡಿದವರಲ್ಲ. ಒಂದೇ ಹಾಳೆಯ ಎರಡು ಸಾಲಿಗೆ ಎರಡು ಥರ ಬೆಲೆ ಅನ್ನೋದು ತಲೆಗೆ ಹೋಗೋಕೆ ನನಗೆ ವರ್ಷ ಬೇಕಾಯ್ತು.

ಮನೆ ಮಾತಿನ ಒಂದು ಉದಾಹರಣೆ ಹೇಳ್ತೀನಿ. ಅಮೆರಿಕದಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ "ಎಲ್ಲಿಸ್ ಐಲ್ಯಾಂಡಿನಲ್ಲಿ ಅಧಿಕಾರಿ ನಮ್ಮ ಮನೆತನದ ಹೆಸರನ್ನ ಬದಲಾಯಿಸಿಬಿಟ್ಟ" ಅಂತ ಕಥೆ ಇದೆ. ಆದ್ರೆ ಆ ವಲಸೆ ಕೇಂದ್ರದಲ್ಲಿ ಅಧಿಕಾರಿಗಳು ಹೊಸದಾಗಿ ಹೆಸರು ಬರ್ಕೊಳ್ತಾನೇ ಇರಲಿಲ್ಲ, ಹಡಗಿನವರು ಹೊರಡೋ ಕಡೆಯಿಂದ ಮಾಡ್ಕೊಂಡು ಬಂದ ಪಟ್ಟಿ ಇಟ್ಕೊಂಡು ತಾಳೆ ನೋಡ್ತಿದ್ರು. ಹೆಸರು ಬದಲಾಗಿದ್ದು ನಿಜ, ಸಾಮಾನ್ಯವಾಗಿ ಬದಲಾಯಿಸ್ಕೊಂಡಿದ್ದು ಅವರೇ, ಹೊಸ ದೇಶದಲ್ಲಿ ಬದುಕು ಕಟ್ಟೋವಾಗ. ನೋಡಿ, ಕಥೆ ತಪ್ಪಾದ್ರೂ ಅದರ ಒಳಗೆ ಒಂದು ನಿಜ ಇದೆ, ಹೆಸರು ಬದಲಾಗಿದೆ ಅನ್ನೋ ಸುಳಿವು ಸಿಗೋದು ಆ ಕಥೆಯಿಂದಲೇ. ಅದಕ್ಕೇ ಮನೆ ಮಾತನ್ನ ಬಿಸಾಕಬೇಡಿ.

ಹೆಂಗಸರ ಕಡೆ ಹೋದ್ರೆ ದಾರಿ ನಿಂತೇ ಹೋಗುತ್ತೆ, ಯಾಕೆ?

ಬರೆದವರು ಬರೀಲಿಲ್ಲ, ಅದಕ್ಕೆ. "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತ ಬರೆದು ಮುಗಿಸಿದ್ದಾರೆ. ಮದುವೆ ಆದ್ಮೇಲೆ ಹೆಸರು ಬದಲಾಗೋ ಕಡೆ ಇನ್ನೂ ಕಷ್ಟ. ಇಂಗ್ಲೆಂಡಿನ ಮೂಲ ಜನನ ಸೂಚಿ ಪುಸ್ತಕಗಳಲ್ಲಿ ತಾಯಿಯ ತವರಿನ ಹೆಸರು ಕಾಣಿಸ್ಕೊಳ್ಳೋದು 1911ರಿಂದ ಈಚೆಗೆ. ಅದಕ್ಕೆ ಅವಳನ್ನ ನೇರವಾಗಿ ಹುಡುಕದೇ ಸುತ್ತಲಿದ್ದವರನ್ನ ಹುಡುಕಿ: ಮದುವೆಗೆ ಸಾಕ್ಷಿ ಹಾಕಿದವರು ಯಾರು, ಪಕ್ಕದ ಮನೆಯವರು ಯಾರು, ಮಕ್ಕಳಿಗೆ ಯಾರ ಹೆಸರಿಟ್ಟಿದ್ದಾರೆ, ಆಸ್ತಿ ಪತ್ರದಲ್ಲಿ ಅಣ್ಣತಮ್ಮಂದಿರ ಜೊತೆ ಅವಳ ಪಾಲು ಬಂದಿದೆಯಾ, ಅವಳ ಅಪ್ಪನ ಉಯಿಲಲ್ಲಿ ಅಳಿಯ ಅಂತ ಯಾರಿದ್ದಾರೆ. ಸ್ನೇಹಿತರು (ಫ್ರೆಂಡ್ಸ್), ಒಡನಾಡಿಗಳು (ಅಸೋಸಿಯೇಟ್ಸ್), ನೆರೆಹೊರೆಯವರು (ನೇಬರ್ಸ್) ಅಂತ ಸುತ್ತು ಹಾಕೋ ಈ ವಿಧಾನಕ್ಕೆ ಎಲಿಜಬೆತ್ ಶೋನ್ ಮಿಲ್ಸ್ ಅನ್ನೋ ಅಮೆರಿಕದ ಸಂಶೋಧಕರು ಫ್ಯಾನ್ ಕ್ಲಬ್ ಅಂತ ಹೆಸರಿಟ್ಟಿದ್ದಾರೆ. ಗುಂಪಲ್ಲಿ ಯಾರಾದ್ರೂ "ಫ್ಯಾನ್ ಮಾಡಿದ್ರಾ" ಅಂದ್ರೆ ಇದೇ.

ನಾನು ನಮ್ಮ ಅಜ್ಜಿಯ ಅಮ್ಮನ ಹೆಸರು ಹುಡುಕಿದ್ದು ಹೀಗೇ, ಅವಳ ತಮ್ಮನ ಒಂದು ಜಮೀನು ಕಾಗದದಲ್ಲಿ. ಹೆಸರು ಬರೆದಿದ್ದ ಆ ಒಂದು ಸಾಲನ್ನ ಗುಂಪಲ್ಲಿ ಗಟ್ಟಿಯಾಗಿ ಓದಿದಾಗ ದನಿ ನಡುಗ್ತು.

ದಾಖಲೆ ಸುಟ್ಟುಹೋಗಿದೆ ಅಂತಾರೆ, ಅಲ್ಲಿಗೆ ಮುಗೀತಾ?

ಮುಗಿಯಲ್ಲ. ಅಮೆರಿಕದ 1890ರ ಜನಗಣತಿಯ ಬಹುಭಾಗ 1921ರ ಜನವರಿಯ ಬೆಂಕಿಯಿಂದ ಹೋಯ್ತು. ಐರ್ಲೆಂಡಿನ ಪಬ್ಲಿಕ್ ರೆಕಾರ್ಡ್ ಆಫೀಸು 1922ರ ಜೂನ್ 30ಕ್ಕೆ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿ ಅಂತರ್ಯುದ್ಧದ ಹೊತ್ತಲ್ಲಿ ನಾಶ ಆಯ್ತು, ಏಳು ಶತಮಾನದ ಕಾಗದ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಜನಗಣತಿ 1942ರ ಡಿಸೆಂಬರಲ್ಲಿ ಸುಟ್ಟುಹೋಯ್ತು, 1941ರಲ್ಲಿ ಯುದ್ಧ ಅಂತ ಗಣತಿ ಮಾಡಲೇ ಇಲ್ಲ. ಆದ್ರೆ 1939ರ ಸೆಪ್ಟೆಂಬರಲ್ಲಿ ಗುರುತಿನ ಚೀಟಿ ಕೊಡೋಕೆ ಅಂತ ಮಾಡಿದ ರಿಜಿಸ್ಟರ್ ಉಳಿದಿದೆ, ಈಗ ಆ ಕಾಲಕ್ಕೆ ಅದೇ ಆಧಾರ. ಐರ್ಲೆಂಡಿನವರೋ ಬೇರೆ ಬೇರೆ ಕಡೆ ಇದ್ದ ನಕಲು, ಟಿಪ್ಪಣಿ ಎಲ್ಲ ಕೂಡಿಹಾಕಿ ಸರಿಯಾಗಿ ನೂರು ವರ್ಷಕ್ಕೆ, 2022ರಲ್ಲಿ, ವರ್ಚುವಲ್ ರೆಕಾರ್ಡ್ ಟ್ರೆಷರಿ ಅಂತ ಎಲ್ಲರಿಗೂ ತೆರೆದಿಟ್ರು.

ಇದರಿಂದ ನಾನು ಕಲ್ತಿದ್ದು, ಆಡಳಿತದವರು ಒಂದು ವಿಷಯವನ್ನ ಒಂದೇ ಕಡೆ ಬರೆಯೋದು ಕಮ್ಮಿ. ಹುಟ್ಟಿದ ದಾಖಲೆ ಹೋದ್ರೆ ಶಾಲೆಯ ರಿಜಿಸ್ಟರ್ ಇರಬಹುದು, ಕೆಲಸದ ದಾಖಲೆ, ಪಿಂಚಣಿ, ತೆರಿಗೆ, ಕೋರ್ಟ್ ಕೇಸು, ಸಮಾಧಿ ಕಲ್ಲು. ಯಾವುದರ ನಕಲು ಎಲ್ಲಿ ಹೋಗ್ತಿತ್ತು ಅನ್ನೋದು ಸ್ಥಳೀಯ ಗುಂಪಿನವರಿಗೆ ಗೊತ್ತಿರುತ್ತೆ.

ಹಳೇ ಕೈಬರಹ ಓದೋಕೇ ಆಗಲ್ಲ

ಮೊದಲ ವಾರ ಯಾರಿಗೂ ಆಗಲ್ಲ. ಗುಂಪಿನ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ, ಅಂದ್ರೆ ಹಳೇ ಕೈಬರಹ ನೋಡಿ ಟೈಪ್ ಮಾಡೋದಕ್ಕೆ, ಕೈಜೋಡಿಸಿ, ನಿಮಗೆ ಸಂಬಂಧವೇ ಇಲ್ಲದ ಐವತ್ತು ಪುಟ ಟೈಪ್ ಮಾಡಿದ್ರೆ ಆ ಗುಮಾಸ್ತನ ಕೈ ನಿಮಗೆ ಪರಿಚಯ ಆಗುತ್ತೆ. ಗೊತ್ತಿರೋ ಪದಗಳಿಂದ, ತಿಂಗಳ ಹೆಸರು, ಊರ ಹೆಸರಿಂದ ಅಕ್ಷರ ಗುರುತಿಸಿ ಪಟ್ಟಿ ಮಾಡ್ಕೊಂಡು ಆಮೇಲೆ ಕಷ್ಟದ ಹೆಸರಿಗೆ ಬನ್ನಿ. ಹಳೇ ಇಂಗ್ಲಿಷಲ್ಲಿ ಉದ್ದದ ಎಸ್ ಅಕ್ಷರ ಎಫ್ ಥರ ಕಾಣುತ್ತೆ. ಜರ್ಮನಿಯ ಕುರೆಂಟ್ ಲಿಪಿಯನ್ನ 1941ರಲ್ಲಿ ಶಾಲೆಗಳಿಂದ ತೆಗೆದುಹಾಕಿದ್ದಕ್ಕೆ ಈಗಿನ ಜರ್ಮನ್ನರೇ ತಮ್ಮ ಮುತ್ತಜ್ಜಿಯ ಪತ್ರ ಓದೋಕೆ ಕ್ಲಾಸಿಗೆ ಹೋಗ್ತಾರೆ. ಟ್ರಾನ್ಸ್‌ಕ್ರಿಬಸ್ ಥರದ ಎಐ ಟೂಲ್‌ಗಳು ಬಂದಿವೆ, ಬಳಸಿ, ಆದ್ರೆ ಮನುಷ್ಯರ ಹೆಸರು ಬಂದ ಕಡೆ ಮೂಲದ ಜೊತೆ ನಿಮ್ಮ ಕಣ್ಣಿಂದಲೇ ತಾಳೆ ನೋಡಿ.

ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಇಷ್ಟೆಲ್ಲ ಕಷ್ಟ ತಪ್ಪುತ್ತಾ?

ತಪ್ಪಲ್ಲ, ಕೆಲಸ ಜಾಸ್ತಿ ಆಗುತ್ತೆ, ಆದ್ರೆ ಕೆಲವು ಬೀಗ ಅದರಿಂದ ಮಾತ್ರ ತೆರೆಯುತ್ತೆ. ವೈ ಡಿಎನ್‌ಎ ಅಪ್ಪನಿಂದ ಮಗನಿಗೆ, ಮೈಟೋಕಾಂಡ್ರಿಯಾದ್ದು ತಾಯಿಯಿಂದ ಎಲ್ಲ ಮಕ್ಕಳಿಗೆ, ಆಟೋಸೋಮಲ್ ಅನ್ನೋದು ಎರಡೂ ಕಡೆಯಿಂದ. ಹೆಚ್ಚು ಜನ ಮಾಡಿಸೋದು ಕೊನೇದನ್ನ. ಅದರಲ್ಲಿ ಅಪ್ಪ ಅಮ್ಮನ ಜೊತೆ ಅರ್ಧ ಹೊಂದುತ್ತೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಜೊತೆ ಸರಾಸರಿ 12.5 ಪರ್ಸೆಂಟ್. ಅಜ್ಜ, ಸೋದರಮಾವ, ತಾಯಿ ಒಬ್ಬಳೇ ತಂದೆ ಬೇರೆ ಇರೋ ಅಣ್ಣ, ಈ ಮೂವರ ಜೊತೆಗೂ ಸುಮಾರು 25 ಪರ್ಸೆಂಟೇ ಬರೋದು, ಅಂಕಿ ನೋಡಿ ಯಾರು ಅಂತ ಹೇಳೋಕಾಗಲ್ಲ, ಮತ್ತೆ ಕಾಗದಕ್ಕೇ ಬರ್ಬೇಕು. ನಾಲ್ಕು ತಲೆಮಾರಿನ ಹಿಂದೆ ಒಂದೇ ಗಂಡಹೆಂಡತಿಯಿಂದ ಬಂದ ಇಬ್ಬರಲ್ಲಿ ಹತ್ತಕ್ಕೊಂದು ಸಲ ಏನೂ ಹೊಂದದೇ ಇರಬಹುದು. ಹಾಗಾಗಿ "ಮ್ಯಾಚ್ ಬರಲಿಲ್ಲ, ನೆಂಟರಲ್ಲ" ಅಂತ ತೀರ್ಮಾನ ಮಾಡಬೇಡಿ. ಒಳಗೊಳಗೇ ಮದುವೆ ಆಗೋ ಸಮುದಾಯಗಳಲ್ಲಿ ಇದು ತಿರುಗಾ ಮುರುಗಾ, ದೂರದವರೂ ಹತ್ತಿರದವರಂತೆ ತೋರಿಸುತ್ತೆ.

ಇಷ್ಟು ಹೇಳಿದ್ಮೇಲೆ ಎಚ್ಚರಿಕೆಯನ್ನೂ ಹೇಳ್ಬೇಕು. ಟ್ವೆಂಟಿತ್ರೀ ಅಂಡ್ ಮಿ ಅನ್ನೋ ಡಿಎನ್‌ಎ ಟೆಸ್ಟ್ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯ್ತು, 2025ರ ಮಾರ್ಚಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು. ಪಾಸ್‌ವರ್ಡ್ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸೋಕಾಗಲ್ಲ. ಅದೂ ನಿಮ್ಮದು ಮಾತ್ರ ಅಲ್ಲ, ನಿಮ್ಮ ಅಣ್ಣತಮ್ಮಂದಿರದ್ದೂ ಅರ್ಧ ಅಲ್ಲಿದೆ, ಅವರಿಗೆ ಒಂದು ಮಾತು ಹೇಳಿ ಮಾಡಿಸಿ.

ಯಾರಿಗೂ ಗೊತ್ತಿಲ್ಲದ ಗುಟ್ಟು ಸಿಕ್ಕಿಬಿಟ್ರೆ ಏನು ಮಾಡ್ಲಿ?

ಸಿಕ್ಕೇ ಸಿಗುತ್ತೆ. ದತ್ತು, ಎರಡನೇ ಸಂಸಾರ, ಜೈಲು, ಆಸ್ಪತ್ರೆಯಲ್ಲಿ ಬಿಟ್ಟುಬಂದ ಮಗು. ಬದುಕಿರೋರಿಗೆ ಸಂಬಂಧಿಸಿದ್ದಾದ್ರೆ ಆನ್‌ಲೈನ್ ಮರಕ್ಕೆ ಹಾಕ್ಬೇಡಿ, ಗುಂಪಲ್ಲಿ ಹೆಸರಿಟ್ಟು ಹೇಳಬೇಡಿ. ನಿಮ್ಮ ಫೈಲಲ್ಲಿ ಮಾತ್ರ ನಿಜ ಬರೆದಿಡಿ, ಅಳಿಸಬೇಡಿ. ಯಾರಿಗೆ, ಯಾವಾಗ ಹೇಳೋದು ಅನ್ನೋದಕ್ಕೆ ಅವಸರ ಇಲ್ಲ, ಒಳ್ಳೆ ಗುಂಪಲ್ಲಿ ಇದನ್ನ ಅನುಭವಿಸಿದ ಒಬ್ಬಿಬ್ಬರು ಇದ್ದೇ ಇರ್ತಾರೆ, ಅವರ ಜೊತೆ ಖಾಸಗಿಯಾಗಿ ಮಾತಾಡಿ.

ಯಾವ ಸಾಫ್ಟ್‌ವೇರ್ ಒಳ್ಳೇದು?

ಯಾವುದಾದ್ರೂ ಆಗಲಿ, ಜೆಡ್‌ಕಾಮ್ ಫೈಲ್ ಹೊರಗೆ ತೆಗೆಯೋಕೆ ಬರ್ಬೇಕು. ಅದು 1984ರಿಂದ ಇರೋ ಫಾರ್ಮ್ಯಾಟ್, ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋಗೋಕೆ ಅದೇ ಸೇತುವೆ. ಫೋಟೊಗಳು ಅದರ ಜೊತೆ ಹೋಗದೇ ಇರಬಹುದು, ಅವನ್ನ ಬೇರೆ ಕಾಪಿ ಮಾಡಿ. ಒಟ್ಟು ಮೂರು ಪ್ರತಿ ಇರಲಿ, ಒಂದು ನಿಮ್ಮ ಮನೆಯಿಂದ ಹೊರಗಿರಲಿ.

ಹಳೇ ಫೋಟೊಗಳನ್ನ ಹೇಗೆ ಇಟ್ಕೊಳ್ಳೋದು?

ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಹಿಂದುಗಡೆ ಬರೀಬೇಕಂದ್ರೆ ಮೆತ್ತನೆ ಪೆನ್ಸಿಲಲ್ಲಿ, ಒತ್ತದೇ ಬರೀರಿ, ಬಾಲ್‌ಪೆನ್ನಿನ ಗುರುತು ಮುಂದೆ ಕಾಣುತ್ತೆ. ಅಟ್ಟದ ಮೇಲೆ ಬೇಡ, ಬಿಸಿಲು ತೇವ ಇಲ್ಲದ ಕಡೆ ಇಡಿ. ಸ್ಕ್ಯಾನ್ ಮಾಡೋದಾದ್ರೆ 600 ಡಿಪಿಐ. ಮತ್ತೆ ಇವತ್ತು ತೆಗೆದ ಫೋಟೊಗಳಿಗೂ ಹೆಸರು ಬರೀರಿ, ನಮ್ಮ ದೊಡ್ಡತ್ತೆಯ ಟ್ರಂಕಿನ ಥರ ಆಗೋದು ಬೇಡ.

ಎಷ್ಟು ತಲೆಮಾರು ಹಿಂದೆ ಹೋಗೋಕಾಗುತ್ತೆ?

ಹತ್ತು ತಲೆಮಾರು ಮೇಲೆ ಹೋದ್ರೆ ಆ ಒಂದು ಸಾಲಲ್ಲೇ 1024 ಸ್ಥಾನ, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತೆ. ಅಷ್ಟು ಬೇರೆ ಬೇರೆ ಜನ ಇರಲ್ಲ, ನೆಂಟರಲ್ಲೇ ಮದುವೆ ಆಗಿ ಒಬ್ಬರೇ ಎರಡು ಮೂರು ಸ್ಥಾನದಲ್ಲಿ ಬರ್ತಾರೆ. ಸಾಮಾನ್ಯ ಮನೆತನಗಳಿಗೆ ಐದಾರು ತಲೆಮಾರು ಗಟ್ಟಿಯಾಗಿ ಸಿಕ್ಕಿದ್ರೆ ದೊಡ್ಡ ಸಾಧನೆ ಅಂತ ನನ್ನ ಅನಿಸಿಕೆ. ರಾಜನ ವಂಶಕ್ಕೆ ಗಂಟು ಹಾಕೋ ಆಸೆಯಿಂದ ಓಡೋದಕ್ಕಿಂತ, ಮುತ್ತಜ್ಜಿ ಎಷ್ಟು ಹೆತ್ತಳು, ಎಷ್ಟು ಉಳಿದ್ವು, ಯಾಕೆ ಊರು ಬಿಟ್ಟಳು ಅಂತ ತಿಳ್ಕೊಳ್ಳೋದು ನನಗೆ ಹೆಚ್ಚು.

ಗುಂಪಲ್ಲಿ ಒಬ್ಬರೇ ಮಾತಾಡ್ತಾ ಇರ್ತಾರೆ, ಬೇಜಾರಾಗುತ್ತೆ

ಆಗುತ್ತೆ. ಮೀಟಿಂಗ್ ನಡೆಸೋರ ಹತ್ರ ಹೇಳಿ, ಒಬ್ಬರಿಗೆ ಹತ್ತು ನಿಮಿಷ ಅಂತ ಇಟ್ರೆ ಸರಿಹೋಗುತ್ತೆ. ಆಗದಿದ್ರೆ ಬೇರೆ ಗುಂಪು ನೋಡಿ, ಆದ್ರೆ ಒಂದು ಸಲ ನೋಡಿ ಬಿಡಬೇಡಿ.

ನಮ್ಮ ಕಡೆ ಗುಂಪೇ ಇಲ್ಲ, ನಾವೇ ಶುರು ಮಾಡಬಹುದಾ?

ಖಂಡಿತ. ನಾಲ್ಕು ಜನ ಸಾಕು, ಪರಿಣತರು ಯಾರೂ ಇಲ್ಲದಿದ್ರೂ ನಡೆಯುತ್ತೆ. ಲೈಬ್ರರಿಯಲ್ಲಿ ಒಂದು ಕೋಣೆ ಕೇಳಿ, ತಿಂಗಳಿಗೊಂದು ದಿನ ಅಂತ ಗಟ್ಟಿ ಮಾಡಿ, ಉದಾಹರಣೆಗೆ ಎರಡನೇ ಶನಿವಾರ ಅಂದ್ರೆ ಯಾವ ತಿಂಗಳೂ ಅದೇ. ಪದಾಧಿಕಾರಿ, ನಿಯಮಾವಳಿ ಎಲ್ಲ ಮೊದಲ ವರ್ಷ ಬೇಡ, ಅದರಲ್ಲೇ ಹೊತ್ತು ಹೋಗುತ್ತೆ. ಭಾಷಣ ಕಮ್ಮಿ ಇರಲಿ. ಪ್ರತೀ ಸಲ ಒಬ್ಬರು ಒಂದೇ ಒಂದು ದಾಖಲೆ ತರಬೇಕು, ಅದನ್ನ ಎಲ್ಲರೂ ಸೇರಿ ಓದಬೇಕು, ಬರೆದವರು ಯಾರು, ಯಾಕೆ ಬರೆದ್ರು, ಅವರಿಗೆ ಇದು ಹೇಗೆ ಗೊತ್ತಿತ್ತು ಅಂತ ಕೇಳ್ತಾ ಹೋಗ್ಬೇಕು. ಯಾರೋ ಒಬ್ಬರು ಅದನ್ನೆಲ್ಲ ಬರ್ಕೊಳ್ಳಿ. ಒಂದು ವರ್ಷಕ್ಕೆ ಹನ್ನೆರಡು ದಾಖಲೆ ಆಗುತ್ತೆ, ಅಷ್ಟೊತ್ತಿಗೆ ನಿಮ್ಮಲ್ಲಿ ಒಬ್ಬರು ಕಲಿಸೋ ಮಟ್ಟಕ್ಕೆ ಬಂದಿರ್ತಾರೆ. ಮೊದಲ ಮೀಟಿಂಗಿಗೆ ಇಬ್ಬರೇ ಬಂದ್ರೂ ನಡೆಸಿ, ಎದ್ದು ಹೊರಡೋ ಮುಂಚೆ ಮುಂದಿನ ಸಲ ದಾಖಲೆ ತರೋದು ಯಾರು ಅಂತ ಹೆಸರು ಬರ್ಕೊಂಡು ಎದ್ದೇಳಿ.